ಪ್ರೊ ಆಗುವುದು ಯಾವ ದಿನ? ಪುರಸೈವಾಕ್ಕಂ ಟಿಪ್ಪಣಿಗಳು

ವಕೀಲರಿಗೆ ಸನ್ನದು ಇದೆ. ಡಾಕ್ಟರಿಗೆ ಕೌನ್ಸಿಲ್ ನೋಂದಣಿ ಇದೆ. ಈ ಚೆನ್ನೈಯಲ್ಲಂತೂ ಭರತನಾಟ್ಯ ಕಲಿತ ಹುಡುಗಿಗೆ ಸಭಾಂಗಣ ಹಿಡಿದು, ಕಾರ್ಡು ಅಚ್ಚು ಹಾಕಿಸಿ, ಊಟ ಹಾಕಿಸಿ ಅರಂಗೇಟ್ರಂ ಮಾಡುತ್ತಾರೆ. ಟೆನಿಸ್ ಆಡುವ ಹುಡುಗನಿಗೆ ಇದ್ಯಾವುದೂ ಇಲ್ಲ. ಮೇಲಿನ ಮಹಡಿಯ ಹುಡುಗ ಇನ್ನು ಪ್ರೊ ಅಂತೆ. ಅವನ ತಾಯಿ ಮೆಟ್ಟಿಲ ಮೇಲೆ ಸಿಕ್ಕಾಗ ಹೇಳಿದರು. "ಯಾರಮ್ಮಾ ಮಾಡೋದು ಪ್ರೊ ಅಂತ?" ಎಂದು ಕೇಳಿದೆ. ಆಕೆ ತರಕಾರಿ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿ, "ಯಾರೂ ಮಾಡಲ್ಲ ಸಾರ್, ನಾವೇ ಆಗೋದು" ಅಂದರು.

ಬ್ಯಾಂಕಿನಲ್ಲಿ ಲೆಡ್ಜರ್ ನೋಡಿಯೇ ತಲೆ ನರೆಸಿಕೊಂಡವನು ನಾನು. ವೋಚರ್ ಇಲ್ಲದ ಎಂಟ್ರಿ ಕಂಡರೆ ಇವತ್ತಿಗೂ ಸುಮ್ಮನಿರಲಾಗದು. ಅದಕ್ಕೇ ಈ ಬರಹ.

*

ಮೇಲಿನ ಮನೆಯವರು ಹೊಸೂರು ಕಡೆಯವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ಹುಡುಗ ಸ್ಕೋರು ಹೇಳುವುದು ಇಂಗ್ಲಿಷಿನಲ್ಲಿ, ಸೋತಾಗ ಬೈದುಕೊಳ್ಳುವುದು ಕನ್ನಡದಲ್ಲಿ. ತಂದೆಯದು ಸ್ಟೀಲ್ ಪಾತ್ರೆ ವ್ಯಾಪಾರ. ಬೆಳಿಗ್ಗೆ ಐದಕ್ಕೆ ಸ್ಕೂಟರ್ ಸ್ಟಾರ್ಟ್ ಆಗುತ್ತದೆ. ಪುರಸೈವಾಕ್ಕಂ ಹೈರೋಡಿನಲ್ಲಿ ಸ್ಕೂಟರ್ ನೆಟ್ಟಗೆ ಓಡುವ ಹೊತ್ತು ಅದೊಂದೇ. ಹತ್ತು ಗಂಟೆಯಾದರೆ ಬಟ್ಟೆ ಅಂಗಡಿಗೆ ಬಂದ ಜನ ರಸ್ತೆಯನ್ನೇ ನುಂಗಿಬಿಡುತ್ತಾರೆ. ತಾಯಿ ಓಡಿಸುತ್ತಾರೆ, ಮಗ ಹಿಂದೆ ಕೂರುತ್ತಾನೆ, ಅವನ ಬೆನ್ನಿನ ಕಿಟ್ ಬ್ಯಾಗ್ ಎರಡೂ ಕಡೆ ಚಾಚಿಕೊಂಡಿರುತ್ತದೆ. ಚೇತ್‌ಪೇಟ್ ದಾಟಿದರೆ ನುಂಗಂಬಾಕ್ಕಂ.

ಅಲ್ಲಿನ ಟೆನಿಸ್ ಸ್ಟೇಡಿಯಂ ಕಟ್ಟಿದ್ದು 1995ರಲ್ಲಿ, ದಕ್ಷಿಣ ಏಷ್ಯಾ ಕ್ರೀಡಾಕೂಟಕ್ಕೆಂದು. 1997ರಿಂದ 2017ರವರೆಗೆ ಚೆನ್ನೈ ಓಪನ್ ನಡೆದದ್ದು ಅಲ್ಲೇ. ಆಮೇಲೆ ಅದು ಪುಣೆಗೆ ಹೋಯಿತು. 2008ರ ಸೆಮಿಫೈನಲ್‌ನಲ್ಲಿ ನಡಾಲ್ ಮತ್ತು ಮೋಯಾ ಮೂರು ಸೆಟ್‌ಗೆ ಮೂರೂ ಟೈಬ್ರೇಕರ್ ಆಡಿ, ನಾಲ್ಕು ಗಂಟೆಗೆ ಸ್ವಲ್ಪ ಕಡಿಮೆ ಹೊತ್ತು ಹೊಡೆದಾಡಿದ್ದರು. ಗೆದ್ದ ನಡಾಲ್ ಮಾರನೇ ದಿನ ಯೂಜ್ನಿ ಕೈಯಲ್ಲಿ 6-0, 6-1ರಿಂದ ಸೋತ. ಅಂಥ ನಡಾಲ್‌ಗೇ ಒಂದು ರಾತ್ರಿಯಲ್ಲಿ ಕಾಲು ಸೋತಿತಲ್ಲ ಎನ್ನುವುದು ನನ್ನ ಹಳೆಯ ಬೆರಗು. ಈ ಟಿಪ್ಪಣಿಗೂ ಅದಕ್ಕೂ ಸಂಬಂಧವಿಲ್ಲ, ನೆನಪಾಯಿತು ಅಷ್ಟೆ.

*

ಪ್ರೊ ಆಗುವವರೆಗಿನ ಏಣಿಯನ್ನು ಹುಡುಗನೇ ನನಗೆ ಕಾಗದದ ಮೇಲೆ ಬರೆದು ತೋರಿಸಿದ. ಕೆಳಗೆ ಅಖಿಲ ಭಾರತ ಟೆನಿಸ್ ಸಂಸ್ಥೆಯ ಪಂದ್ಯಗಳು: ಟ್ಯಾಲೆಂಟ್ ಸೀರೀಸ್, ಚಾಂಪಿಯನ್‌ಶಿಪ್ ಸೀರೀಸ್, ಸೂಪರ್ ಸೀರೀಸ್, ನ್ಯಾಷನಲ್ ಸೀರೀಸ್. ಅಂಡರ್-12ರಿಂದ ಅಂಡರ್-18ರವರೆಗೆ. ಅದರ ಮೇಲೆ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್‌ನ ಜೂನಿಯರ್ ಪಂದ್ಯಗಳು. 13 ತುಂಬಿದರೆ ಆಡಬಹುದು, 18 ತುಂಬುವ ವರ್ಷ ಮುಗಿದರೆ ಬಾಗಿಲು ಮುಚ್ಚಿತು. ಮೊದಲು ಇವಕ್ಕೆ ಗ್ರೇಡ್ 5, ಗ್ರೇಡ್ 4 ಎಂದೆಲ್ಲ ಹೇಳುತ್ತಿದ್ದರು. 2023ರಿಂದ ಜೆ30, ಜೆ60, ಜೆ100, ಜೆ200, ಜೆ300, ಜೆ500. ಜೆ30 ಗೆದ್ದರೆ 30 ಪಾಯಿಂಟ್. ಇಷ್ಟು ಸರಳವಾದ ಲೆಕ್ಕ ಈ ಆಟದಲ್ಲಿ ಬೇರೆಲ್ಲೂ ನನಗೆ ಸಿಕ್ಕಿಲ್ಲ.

"ಸರಿ, ಜೂನಿಯರ್‌ನಲ್ಲಿ ಸಾವಿರ ಪಾಯಿಂಟ್ ಮಾಡಿದೆ ಅಂತಿಟ್ಟುಕೋ. ಪ್ರೊ ಆದಾಗ ಅದರಲ್ಲಿ ಎಷ್ಟು ಬರುತ್ತೆ?"

"ಸೊನ್ನೆ ಅಂಕಲ್."

ಒಂದು ಪೈಸೆಯೂ ಆ ಖಾತೆಯಿಂದ ಈ ಖಾತೆಗೆ ವರ್ಗವಾಗುವುದಿಲ್ಲ. ಪ್ರವೇಶಕ್ಕಷ್ಟೇ ಸ್ವಲ್ಪ ಸಹಾಯ: ಜಗತ್ತಿನ ಮೊದಲ ನೂರು ಜೂನಿಯರ್‌ಗಳಿಗೆ ಚಿಕ್ಕ ಪ್ರೊ ಪಂದ್ಯಗಳಲ್ಲಿ ಕೆಲವು ಜಾಗ ಕಾದಿಟ್ಟಿರುತ್ತಾರೆ, ವರ್ಷಾಂತ್ಯಕ್ಕೆ ಮೊದಲ ಇಪ್ಪತ್ತರಲ್ಲಿದ್ದ ಹುಡುಗರಿಗೆ ಅದಕ್ಕೂ ಮೇಲಿನ ಚಾಲೆಂಜರ್ ಮಟ್ಟದಲ್ಲೂ ಅವಕಾಶ ಸಿಗುತ್ತದೆ. ಅಂದರೆ ಒಳಗೆ ಬಿಡುತ್ತಾರೆ. ಕುರ್ಚಿ ಕೊಡುವುದಿಲ್ಲ.

*

ಗುರುವಾರ ಸಂಜೆ ಏಳೂವರೆ. ಮೇಲಿನ ಮನೆಯಲ್ಲಿ ಟಿವಿ ಬಂದ್. ಪ್ರೊ ಪಂದ್ಯಗಳಿಗೆ ಹೆಸರು ಕೊಡುವ ಗಡುವು ಗ್ರೀನ್‌ವಿಚ್ ಲೆಕ್ಕದಲ್ಲಿ ಮಧ್ಯಾಹ್ನ ಎರಡಕ್ಕೆ, ನಮಗೆ ಅದು ಏಳೂವರೆ. ಪಂದ್ಯ ಶುರುವಾಗುವ ಸೋಮವಾರಕ್ಕೆ ಹದಿನೆಂಟು ದಿನ ಮೊದಲು. ಪ್ರತಿ ಆಟಗಾರನಿಗೆ ಐಪಿನ್ ಎಂಬ ಒಂದು ನಂಬರು. ಅದರಲ್ಲಿ ಲಾಗಿನ್ ಆಗಿ ಒಂದೇ ವಾರಕ್ಕೆ ಹಲವು ಊರುಗಳಿಗೆ ಹೆಸರು ಕೊಟ್ಟು, ಇದು ಮೊದಲು, ಅದು ಆಮೇಲೆ ಎಂದು ಕ್ರಮ ಹಾಕಬೇಕು. ಆಮೇಲೆ ಪಟ್ಟಿ ಬರುತ್ತದೆ: ಮೇನ್ ಡ್ರಾ, ಕ್ವಾಲಿಫೈಯಿಂಗ್, ಆಲ್ಟರ್ನೇಟ್. ಹುಡುಗ ಸಾಮಾನ್ಯವಾಗಿ ಮೂರನೆಯದರಲ್ಲಿ. ಮೇಲಿನವರು ಎಷ್ಟು ಜನ ಹಿಂದೆ ಸರಿಯುತ್ತಾರೆ ಎಂದು ತಾಯಿ ಮೊಬೈಲ್ ತಿಕ್ಕುತ್ತಾ ಕೂರುತ್ತಾರೆ. ಸರಿಯುವ ಗಡುವು ಮುಂದಿನ ಮಂಗಳವಾರ. ರೈಲಿನ ಟಿಕೆಟ್ ಅಷ್ಟರೊಳಗೆ ಬುಕ್ ಮಾಡಬೇಕೋ ಬೇಡವೋ?

ಆಡುವುದಕ್ಕಿಂತ ಅರ್ಜಿ ಹಾಕುವುದರಲ್ಲೇ ಪಳಗಬೇಕಾದ ಕಸುಬು ಇದು. ಕೋಚ್‌ಗಳು ಬ್ಯಾಕ್‌ಹ್ಯಾಂಡ್ ಕಲಿಸುತ್ತಾರೆ, ಇದನ್ನು ಕಲಿಸುವವರು ಯಾರು? ತಾಯಂದಿರು ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ, ಕೋರ್ಟಿನ ಬೇಲಿ ಪಕ್ಕದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತು.

*

ಈಗ ಹಣ. ನನ್ನ ಇಲಾಖೆ.

ಪ್ರೊ ಲೋಕದ ಅತ್ಯಂತ ಕೆಳಗಿನ ಮೆಟ್ಟಿಲು ಎಂ15. ಒಟ್ಟು ಬಹುಮಾನ 15,000 ಡಾಲರ್. ಸಿಂಗಲ್ಸ್ ಗೆದ್ದವನಿಗೆ 2,160 ಡಾಲರ್ ಮತ್ತು 15 ಪಾಯಿಂಟ್. ಮೇನ್ ಡ್ರಾದ ಮೊದಲ ಸುತ್ತಿನಲ್ಲಿ ಸೋತವನಿಗೆ 156 ಡಾಲರ್, ಪಾಯಿಂಟ್ ಇಲ್ಲ. ರೂಪಾಯಿಯಲ್ಲಿ 13,000 ಚಿಲ್ಲರೆ, ತೆರಿಗೆಗೆ ಮೊದಲು. ಕ್ವಾಲಿಫೈಯಿಂಗ್‌ನಲ್ಲೇ ಸೋತರೆ ಅದೂ ಇಲ್ಲ. ಇದೇ ಆಟದ ಮೇಲ್ತುದಿಯಲ್ಲಿ, 2025ರ ವಿಂಬಲ್ಡನ್‌ನಲ್ಲಿ ಮೊದಲ ಸುತ್ತು ಸೋತು ಮನೆಗೆ ಹೋದವರಿಗೆ 66,000 ಪೌಂಡ್ ಕೊಟ್ಟರು. ಇಬ್ಬರೂ ಸೋತವರೇ, ಇಬ್ಬರೂ ಪ್ರೊ.

2013ರ ಲೆಕ್ಕವನ್ನು ಅಂತರರಾಷ್ಟ್ರೀಯ ಫೆಡರೇಷನ್ ತಾನೇ ಕೂತು ತೆಗೆಸಿತ್ತು. ಆ ವರ್ಷ ಪ್ರೊ ಪಂದ್ಯ ಆಡಿದವರು ಹೆಚ್ಚುಕಡಿಮೆ 14,000 ಮಂದಿ. ಅವರಲ್ಲಿ 6,000ಕ್ಕೂ ಹೆಚ್ಚು ಜನಕ್ಕೆ ಒಂದು ಡಾಲರೂ ಹುಟ್ಟಲಿಲ್ಲ. ಖರ್ಚು-ಗಳಿಕೆ ಸಮವಾಗಬೇಕಾದರೆ ಗಂಡಸರಲ್ಲಿ 336ನೇ ರ‍್ಯಾಂಕ್, ಹೆಂಗಸರಲ್ಲಿ 253ನೇ ರ‍್ಯಾಂಕ್ ಬೇಕಿತ್ತು. ಅದೂ ಕೋಚ್ ಖರ್ಚು ಬಿಟ್ಟು. ಯಾವುದಾದರೂ ಕಸುಬಿನಲ್ಲಿ ಜಗತ್ತಿಗೇ 400ನೆಯವನಾದ ಮನುಷ್ಯ ಕೈಯಿಂದ ಹಾಕುತ್ತಿರುತ್ತಾನೆ ಎಂದರೆ ನಮ್ಮ ಲೋನ್ ಸೆಕ್ಷನ್‌ನವರು ನಂಬುತ್ತಿರಲಿಲ್ಲ. 2024ರಿಂದ ಗಂಡಸರ ಪ್ರೊ ಟೆನಿಸ್ ನಡೆಸುವ ಎಟಿಪಿಯವರು ಮೊದಲ 250 ಜನಕ್ಕೆ ಕನಿಷ್ಠ ವರಮಾನದ ಖಾತ್ರಿ ಕೊಟ್ಟಿದ್ದಾರೆ. 251ನೆಯವನನ್ನು ಕಂಡರೆ ಅಯ್ಯೋ ಅನಿಸುತ್ತದೆ.

ಹಾಗಾದರೆ ಜೂನಿಯರ್‌ಗೂ ಪ್ರೊಗೂ ಇರುವ ವ್ಯತ್ಯಾಸ ಏನು ಎಂದು ಹುಡುಗನ ತಂದೆಯನ್ನು ಕೇಳಿದೆ. ಅಂಗಡಿಯಲ್ಲಿ ಕುಕ್ಕರ್ ಮುಚ್ಚಳ ಎಣಿಸುತ್ತಿದ್ದರು. "ಜೂನಿಯರ್‌ನಲ್ಲಿ ಖರ್ಚು ಅಷ್ಟೇ ಸಾರ್. ಪ್ರೊನಲ್ಲಿ ಖರ್ಚಿನ ಜೊತೆ ಟ್ಯಾಕ್ಸೂ ಕಟ್ ಆಗುತ್ತೆ."

*

ಮೊದಲು ಹೀಗಿರಲಿಲ್ಲ. ಪ್ರೊ ಆಗುವ ದಿನ ಎನ್ನುವುದೊಂದು ಇತ್ತು.

1968ಕ್ಕೆ ಮೊದಲು ವಿಂಬಲ್ಡನ್ ಅಮೆಚೂರ್‌ಗಳದ್ದು. ಅಮೆರಿಕದ ಜಾಕ್ ಕ್ರೇಮರ್ ಒಂದು ಪ್ರೊ ತಂಡ ಕಟ್ಟಿಕೊಂಡು ಊರೂರು ಆಡಿಸುತ್ತಿದ್ದ. ಅವನ ಕರಾರಿಗೆ ಸಹಿ ಹಾಕಿದೆಯೋ, ನೀನು ಪ್ರೊ. ಆ ಗಳಿಗೆಯಿಂದ ವಿಂಬಲ್ಡನ್ ಇಲ್ಲ, ಡೇವಿಸ್ ಕಪ್ ಇಲ್ಲ. ರಾಡ್ ಲೇವರ್ 1962ರಲ್ಲಿ ನಾಲ್ಕೂ ಗ್ರ್ಯಾಂಡ್ ಸ್ಲ್ಯಾಮ್ ಗೆದ್ದು ಪ್ರೊ ಆದ. ವಿಂಬಲ್ಡನ್ ಚಾಂಪಿಯನ್‌ಶಿಪ್‌ಗೆ ಮತ್ತೆ ಕಾಲಿಟ್ಟದ್ದು 1968ರಲ್ಲಿ.

ಈ ಊರಿನ ರಾಮನಾಥನ್ ಕೃಷ್ಣನ್ ಅವರಿಗೂ ಕ್ರೇಮರ್‌ನಿಂದ ಕರೆ ಬಂದಿತ್ತು. 1954ರಲ್ಲಿ ವಿಂಬಲ್ಡನ್ ಜೂನಿಯರ್ ಗೆದ್ದ ಹುಡುಗ, ಅದನ್ನು ಗೆದ್ದ ಏಷ್ಯಾದ ಮೊದಲಿಗ. ಫೈನಲ್‌ನಲ್ಲಿ ಸೋಲಿಸಿದ್ದು ಆಶ್ಲಿ ಕೂಪರ್‌ನನ್ನು. ಆ ಕೂಪರ್ ನಾಲ್ಕು ವರ್ಷದ ಮೇಲೆ ಹಿರಿಯರ ವಿಂಬಲ್ಡನ್ನನ್ನೇ ಗೆದ್ದು, ಮರುವರ್ಷ ಪ್ರೊ ಆಗಿ ಆ ಲೋಕದಿಂದ ಆಚೆ ಹೋದ. ಕೃಷ್ಣನ್ ಹೋಗಲಿಲ್ಲ, ಹಣ ಬೇಡವೆಂದರು. 1960, 61ರಲ್ಲಿ ವಿಂಬಲ್ಡನ್ ಸೆಮಿಫೈನಲ್ ಆಡಿದರು. 1966ರಲ್ಲಿ ಭಾರತ ಡೇವಿಸ್ ಕಪ್‌ನ ಕೊನೆಯ ಸುತ್ತಿಗೆ ಹೋದಾಗ ತಂಡದ ಬೆನ್ನೆಲುಬು ಅವರೇ. ಕ್ರೇಮರ್‌ಗೆ ಸಹಿ ಹಾಕಿದ್ದರೆ ಇವುಗಳಲ್ಲಿ ಒಂದೂ ಇಲ್ಲ.

ಆಗ ಪ್ರೊ ಆಗುವುದಕ್ಕೆ ತೆರಬೇಕಾದ ಬೆಲೆ ಏನೆಂದು ಕರಾರಿನ ಕಾಗದದಲ್ಲೇ ಕಾಣುತ್ತಿತ್ತು. ಇನ್ನೊಬ್ಬ ಬಂದು ಕರೆಯುತ್ತಿದ್ದ, ಅವನೇ ದುಡ್ಡು ಕೊಡುತ್ತಿದ್ದ, ನೀನು ಹೂಂ ಅನ್ನಬೇಕು ಇಲ್ಲವೇ ಒಲ್ಲೆ ಅನ್ನಬೇಕು. 1968ರಲ್ಲಿ ಗೋಡೆ ಒಡೆದು ಎಲ್ಲರನ್ನೂ ಒಂದೇ ಅಂಗಳಕ್ಕೆ ಬಿಟ್ಟರು. ಒಳ್ಳೆಯದೇ ಆಯಿತು, ಯಾರೂ ಅಲ್ಲ ಎನ್ನುವುದಿಲ್ಲ. ಆದರೆ ಗೋಡೆಯ ಜೊತೆ ಆ ಕರೆಯುವವನೂ ಹೋದ. ಈಗ ಹದಿನೇಳರ ಹುಡುಗ ತನ್ನನ್ನು ತಾನೇ ಕರೆದುಕೊಳ್ಳಬೇಕು, ದುಡ್ಡು ಅವನ ಅಪ್ಪ ಕೊಡಬೇಕು.

*

ವಿಂಬಲ್ಡನ್‌ನಲ್ಲಿ ಹುಡುಗರ ಸಿಂಗಲ್ಸ್ ಗೆದ್ದ ಭಾರತೀಯರು ಮೂವರು: ರಾಮನಾಥನ್ ಕೃಷ್ಣನ್ 1954, ಮಗ ರಮೇಶ್ ಕೃಷ್ಣನ್ 1979, ಲಿಯಾಂಡರ್ ಪೇಸ್ 1990. ಅಪ್ಪ-ಮಗ ಮದರಾಸಿನವರು. ಕಲ್ಕತ್ತೆಯ ಪೇಸ್ ಪಳಗಿದ್ದು ಇಲ್ಲಿನ ಬ್ರಿಟಾನಿಯಾ ಅಮೃತ್‌ರಾಜ್ ಶಿಬಿರದಲ್ಲಿ. ಅಂದರೆ ಮೂವರೂ ಈ ಊರಿನ ಲೆಕ್ಕವೇ. ಇವರ ಜೊತೆಗೆ 1974ರ ಫೈನಲ್ ತಲುಪಿ ಬಿಲ್ಲಿ ಮಾರ್ಟಿನ್‌ಗೆ ಸೋತ ಅಶೋಕ್ ಅಮೃತ್‌ರಾಜ್. ಅವರು ಆಮೇಲೆ ಹಾಲಿವುಡ್‌ಗೆ ಹೋಗಿ ಸಿನಿಮಾ ನಿರ್ಮಾಪಕರಾದರು. ಜೂನಿಯರ್ ಟೆನಿಸ್‌ನಿಂದ ಆಚೆ ಹೋಗುವ ದಾರಿಗಳ ಪಟ್ಟಿಯಲ್ಲಿ ಇದನ್ನು ಯಾರೂ ಬರೆಯುವುದಿಲ್ಲ.

ಜೂನಿಯರ್ ಗೆದ್ದರೆ ಏನು ಖಾತ್ರಿ? 1998ರಲ್ಲಿ ಗೆದ್ದವನು ಫೆಡರರ್. 2013ರಲ್ಲಿ ಗೆದ್ದವನು ಇಟಲಿಯ ಕ್ವಿಂಜಿ. ಅವನು 142ನೇ ರ‍್ಯಾಂಕ್ ಮುಟ್ಟಿ, 25ನೇ ವಯಸ್ಸಿಗೆ ಸಾಕು ಎಂದು ರ‍್ಯಾಕೆಟ್ ಇಟ್ಟ. ಜೊಕೊವಿಚ್ ಜೂನಿಯರ್ ಗ್ರ್ಯಾಂಡ್ ಸ್ಲ್ಯಾಮ್ ಒಂದನ್ನೂ ಗೆದ್ದವನಲ್ಲ. ಈ ಹೆಸರುಗಳನ್ನು ನಾನು ಒಂದು ಹಾಳೆಯಲ್ಲಿ ಬರೆದು, ಗೆರೆ ಎಳೆದು, ಏನಾದರೂ ಸೂತ್ರ ಸಿಗುತ್ತದೆಯೇ ಎಂದು ನೋಡಿದೆ. ಸಿಗಲಿಲ್ಲ. ಹುಡುಗನ ತಂದೆಗೆ ಹಾಳೆ ತೋರಿಸಲಿಲ್ಲ.

*

ಪೆರಿಯಮೇಟ್‌ನಲ್ಲಿ ಗಟ್ಟಿಂಗ್ ಮಾಡುವವರ, ಅಂದರೆ ರ‍್ಯಾಕೆಟ್‌ಗೆ ತಂತಿ ಕಟ್ಟುವವರ, ಎದುರು ಸ್ಟೂಲ್ ಹಾಕಿಕೊಂಡು ಕೂತಿದ್ದೆ. ಹುಡುಗನ ರ‍್ಯಾಕೆಟ್‌ನ ತಂತಿ ಕಿತ್ತುಹೋಗಿತ್ತು. ಚೌಕಟ್ಟನ್ನು ಮೆಷೀನಿಗೆ ಆರು ಕಡೆ ಬಿಗಿದರು. ಮೊದಲು ಉದ್ದದ ಎಳೆಗಳು, ಹದಿನಾರು. ಮಧ್ಯದಿಂದ ಶುರು, ಒಂದು ಎಡಕ್ಕೆ, ಒಂದು ಬಲಕ್ಕೆ, ಚೌಕಟ್ಟು ಒಂದೇ ಕಡೆ ಜಗ್ಗದ ಹಾಗೆ. ಒಂದೊಂದು ಎಳೆಯನ್ನೂ ಮೆಷೀನಿನ ತಲೆ ಎಳೆದು ಹಿಡಿಯುತ್ತದೆ, ಸಣ್ಣ ಕ್ಲ್ಯಾಂಪ್ ಕಚ್ಚುತ್ತದೆ, ತಲೆ ಬಿಡುತ್ತದೆ. ಆಮೇಲೆ ಅಡ್ಡದವು, ಹತ್ತೊಂಬತ್ತು. ಮೇಲೆ, ಕೆಳಗೆ, ಮೇಲೆ, ಕೆಳಗೆ ಎಂದು ಬೆರಳ ತುದಿಯಲ್ಲೇ ನೇಯುತ್ತಾರೆ. ತೋರುಬೆರಳಿನ ಪಕ್ಕದಲ್ಲಿ ತಂತಿ ಉಜ್ಜಿ ಉಜ್ಜಿ ಒಂದು ಗೀರು ಬಿದ್ದಿದೆ. ಕೊನೆಗೆ ಗಂಟು, ಕತ್ತರಿ, ಅಂಗೈಯಿಂದ ಒಂದು ತಟ್ಟು, ನಾದ ಕೇಳುವುದಕ್ಕೆ.

"ಎಷ್ಟು ಪೌಂಡ್ ತಂಬಿ?"

"ಐವತ್ತೆರಡು ಅಣ್ಣಾ."

"ಮೇ ತಿಂಗಳು. ಬಾಲ್ ಹಾರುತ್ತೆ. ಐವತ್ನಾಲ್ಕು ಇರಲಿ."

ಬಿಸಿಲಲ್ಲಿ ಚೆಂಡು ಹೆಚ್ಚು ಪುಟಿಯುತ್ತದೆ, ಅದಕ್ಕೆ ಬಿಗಿ ಜಾಸ್ತಿ. ಹುಡುಗ ಸುಮ್ಮನೆ ತಲೆಯಾಡಿಸಿದ. ಅವನು ಯಾರ ಮಾತನ್ನಾದರೂ ಮರುಮಾತಿಲ್ಲದೆ ಒಪ್ಪಿಕೊಂಡದ್ದನ್ನು ನಾನು ನೋಡಿದ್ದು ಅಲ್ಲಿ ಮಾತ್ರ. ಈಗಿನ ಪಾಲಿಯೆಸ್ಟರ್ ತಂತಿ ಕೆಲವೇ ಗಂಟೆ ಆಡಿದರೂ ಬಿಗಿ ಕಳೆದುಕೊಳ್ಳುತ್ತದೆ. ಕಿತ್ತುಹೋಗುವವರೆಗೆ ಆಡುವುದು ಜೂನಿಯರ್ ಪದ್ಧತಿ, ಪಂದ್ಯಕ್ಕೊಂದು ಹೊಸದು ಹಾಕಿಸುವುದು ಪ್ರೊ ಪದ್ಧತಿ ಎಂದು ಗಟ್ಟಿಂಗ್‌ನವರು ಹೇಳಿದರು. ಇಷ್ಟು ಸ್ಪಷ್ಟವಾದ ವ್ಯಾಖ್ಯೆಯನ್ನು ನನಗೆ ಬೇರೆ ಯಾರೂ ಕೊಟ್ಟಿಲ್ಲ.

*

ಹುಡುಗಿಯರಿಗೆ ಬೇರೆ ನಿಯಮ. ಅಮೆರಿಕದ ಜೆನಿಫರ್ ಕ್ಯಾಪ್ರಿಯಾಟಿ 1990ರ ಮಾರ್ಚ್‌ನಲ್ಲಿ, 14 ತುಂಬುವ ಮೊದಲೇ, ಮೊದಲ ಪ್ರೊ ಟೂರ್ನಿಯಲ್ಲೇ ಫೈನಲ್ ಆಡಿದಳು. ಮುಂದಿನ ಕೆಲವು ವರ್ಷ ಆ ಹುಡುಗಿ ಪಟ್ಟ ಪಾಡು ನೋಡಿ ಹೆಂಗಸರ ಪ್ರೊ ಟೆನಿಸ್ ನಡೆಸುವ ಡಬ್ಲ್ಯುಟಿಎಯವರು ವಯಸ್ಸಿನ ಕಟ್ಟು ತಂದರು: 14ಕ್ಕೆ ಮೊದಲು ಇಲ್ಲವೇ ಇಲ್ಲ, 18ರವರೆಗೆ ವರ್ಷಕ್ಕೆ ಇಂತಿಷ್ಟೇ ಪಂದ್ಯ. ಹುಡುಗರಿಗೆ ಇಷ್ಟು ಬಿಗಿಯಿಲ್ಲ. ಹುಡುಗರು ಬೇಗ ಒಡೆಯುವುದಿಲ್ಲ ಎಂದು ತೀರ್ಮಾನಿಸಿದವರು ಯಾರೋ!

ಕೊಯಮತ್ತೂರಿನ ಮಾಯಾ ರಾಜೇಶ್ವರನ್ 2025ರ ಫೆಬ್ರವರಿಯಲ್ಲಿ, 15ನೇ ವಯಸ್ಸಿನಲ್ಲಿ, ಮುಂಬೈ ಓಪನ್‌ನ ಕ್ವಾಲಿಫೈಯಿಂಗ್‌ನಿಂದ ಬಂದು ಸೆಮಿಫೈನಲ್ ತಲುಪಿದಳು. ತಮಿಳು ಪತ್ರಿಕೆಗಳಲ್ಲಿ ಫೋಟೋ, ಮೇಲಿನ ಮನೆಯಲ್ಲಿ ಎರಡು ದಿನ ಅದೇ ಮಾತು. ಅವಳ ತರಬೇತಿ ಸ್ಪೇನಿನ ನಡಾಲ್ ಅಕಾಡೆಮಿಯಲ್ಲಿ. ಜೂನಿಯರ್ ಆಗಿದ್ದುಕೊಂಡೇ ಪ್ರೊ ಪಂದ್ಯ, ಪ್ರೊ ಪಂದ್ಯದ ನಡುವೆ ಮತ್ತೆ ಜೂನಿಯರ್ ಗ್ರ್ಯಾಂಡ್ ಸ್ಲ್ಯಾಮ್. ಎರಡು ದೋಣಿಯಲ್ಲಿ ಕಾಲಿಡಬೇಡ ಎನ್ನುವ ಹಿರಿಯರ ಮಾತು ಈ ಆಟದಲ್ಲಿ ನಡೆಯುವುದಿಲ್ಲ.

*

ಪ್ರೊ ಆಗುವುದಕ್ಕೆ ಇನ್ನೊಂದು ದಾರಿ ಅಮೆರಿಕದ ಕಾಲೇಜು. ಮದರಾಸಿನಲ್ಲಿ ಹುಟ್ಟಿ ಬೆಂಗಳೂರಿಗನಾದ ಮಹೇಶ್ ಭೂಪತಿ ಮಿಸಿಸಿಪಿಯಲ್ಲಿ ಓದಿದರು. ಸೋಮದೇವ್ ದೇವ್‌ವರ್ಮನ್ ವರ್ಜೀನಿಯಾದಲ್ಲಿ ಓದುತ್ತಾ 2007, 2008ರಲ್ಲಿ ಕಾಲೇಜು ಚಾಂಪಿಯನ್ ಆದರು. ಮರುವರ್ಷ ಜನವರಿಯಲ್ಲಿ ವೈಲ್ಡ್ ಕಾರ್ಡ್ (ಸಂಘಟಕರೇ ಕೊಡುವ ನೇರ ಪ್ರವೇಶ) ಹಿಡಿದು ಬಂದು ನುಂಗಂಬಾಕ್ಕಂನಲ್ಲಿ ಫೈನಲ್ ಆಡಿದರು. ಆದರೆ ಕಾಲೇಜಿನವರು ಬಹಳ ಕಾಲ ಒಂದು ಷರತ್ತು ಇಟ್ಟಿದ್ದರು: ಖರ್ಚಿಗಿಂತ ಹೆಚ್ಚು ಬಹುಮಾನದ ಹಣ ಮುಟ್ಟಕೂಡದು. ಹಾಗಾಗಿ ಗೆದ್ದ ಚೆಕ್ಕನ್ನು ಬೇಡವೆಂದು ಬಿಟ್ಟು ಬಂದ ಮಕ್ಕಳಿದ್ದಾರೆ. 1968ರಲ್ಲಿ ಒಡೆದ ಗೋಡೆಯ ಒಂದು ತುಂಡು ಅಮೆರಿಕದಲ್ಲಿ ಹಾಗೇ ನಿಂತಿತ್ತು ಅಂತಾಯಿತು.

*

ಹುಡುಗನಿಗೆ ವೈಲ್ಡ್ ಕಾರ್ಡ್ ಸಿಕ್ಕಿತು. ಎಂ15, ಊರಿನಲ್ಲೇ. ಮೊದಲ ಸುತ್ತು ಸೋತ, 156 ಡಾಲರ್ ಬಂತು. ಅಪ್ಪ ಫೈಲು ಹಿಡಿದು ಕೆಳಗೆ ಬಂದರು. ಹದಿನೆಂಟು ತುಂಬದ ಮಗನ ಗಳಿಕೆ ಸಾಮಾನ್ಯವಾಗಿ ತಂದೆ ಅಥವಾ ತಾಯಿಯ ವರಮಾನಕ್ಕೆ ಸೇರುತ್ತದೆ. ಸ್ವಂತ ಪ್ರತಿಭೆಯಿಂದ, ಮೈಮುರಿದು ದುಡಿದದ್ದಾದರೆ ಸೇರುವುದಿಲ್ಲ, ಅದು ಅವನದೇ. ಇದನ್ನು ವಿವರಿಸಿದಾಗ ಅಪ್ಪನ ಮುಖ ನೋಡಬೇಕಿತ್ತು. ತೆರಿಗೆ ಉಳಿಯಿತು ಎಂದಲ್ಲ, ಉಳಿಯಲು ಅದರಲ್ಲಿ ಏನೂ ಇರಲಿಲ್ಲ. ಆದಾಯ ತೆರಿಗೆಯವರು ಮಗನನ್ನು ಪ್ರತ್ಯೇಕ ಆಸಾಮಿ ಎಂದು ಒಪ್ಪಿಕೊಂಡರಲ್ಲ ಎಂದು.

*

ನಿಧಾನವಾಗಿ ಮೇಲೆ ಬಂದವರ ಲೆಕ್ಕಗಳು.

ಚೆನ್ನೈನ ಎಡಗೈ ಆಟಗಾರ ಪ್ರಜ್ಞೇಶ್ ಗುಣೇಶ್ವರನ್ ಮೊಣಕಾಲ ನೋವಿನಿಂದ ಹಲವು ವರ್ಷ ಕಳೆದುಕೊಂಡರು. ಮೊದಲ ನೂರರೊಳಗೆ ಬಂದಾಗ 2019, ವಯಸ್ಸು 29. ಇಲ್ಲಿಯವರೇ ಆದ ರಾಮ್‌ಕುಮಾರ್ ರಾಮನಾಥನ್ 2017ರಲ್ಲಿ ಡೊಮಿನಿಕ್ ಥೀಮ್‌ನನ್ನೇ ಸೋಲಿಸಿದರು. ಮೊದಲ ಚಾಲೆಂಜರ್ ಪ್ರಶಸ್ತಿ ಕೈಗೆ ಬಂದದ್ದು ಮಾತ್ರ 2021ರಲ್ಲಿ, ಆರು ಫೈನಲ್ ಸೋತ ಮೇಲೆ. ಸುಮಿತ್ ನಾಗಲ್ ಚಿಕ್ಕವನಿದ್ದಾಗ ಭೂಪತಿಯವರ ತರಬೇತಿ ಯೋಜನೆಗೆ ಆಯ್ಕೆಯಾಗಿ ಬೆಂಗಳೂರಿಗೆ ಬಂದವನು, 2015ರಲ್ಲಿ ವಿಂಬಲ್ಡನ್ ಜೂನಿಯರ್ ಡಬಲ್ಸ್ ಗೆದ್ದವನು. 2023ರಲ್ಲಿ, ದೇಶದ ನಂಬರ್ ಒನ್ ಆಗಿದ್ದಾಗ, ಬ್ಯಾಂಕಿನಲ್ಲಿ ಉಳಿದಿರುವುದು 900 ಯೂರೊ ಎಂದು ಸುದ್ದಿಗಾರರಿಗೆ ಹೇಳಿದ. ಐದು ತಿಂಗಳಿಗೆ, 2024ರ ಫೆಬ್ರವರಿಯಲ್ಲಿ, ನುಂಗಂಬಾಕ್ಕಂನಲ್ಲಿ ಚೆನ್ನೈ ಚಾಲೆಂಜರ್ ಗೆದ್ದು 98ನೇ ರ‍್ಯಾಂಕ್‌ಗೆ ಬಂದ. ಆ ಐದು ತಿಂಗಳ ಪಾಸ್‌ಬುಕ್ ನೋಡಬೇಕೆಂದು ನನಗೆ ಬಹಳ ಆಸೆ.

*

ಇನ್ನೊಂದು ಅರ್ಥವಾಗದ್ದು. ಕೊಡಗಿನ ರೋಹನ್ ಬೋಪಣ್ಣ 2003ರಲ್ಲಿ ಪ್ರೊ ಆದರು. ಸಿಂಗಲ್ಸ್‌ನಲ್ಲಿ ಏರಿದ್ದು 213ರವರೆಗೆ, ಅಷ್ಟೆ. ಡಬಲ್ಸ್‌ನಲ್ಲಿ 43ನೇ ವಯಸ್ಸಿಗೆ, 2024ರ ಜನವರಿಯಲ್ಲಿ, ಆಸ್ಟ್ರೇಲಿಯನ್ ಓಪನ್ ಗೆದ್ದು ಜಗತ್ತಿಗೇ ನಂಬರ್ ಒನ್. 2009ರಲ್ಲಿ ಆಸ್ಟ್ರೇಲಿಯನ್ ಓಪನ್ ಜೂನಿಯರ್ ಗೆದ್ದ ಯೂಕಿ ಭಾಂಬ್ರಿ ಸಿಂಗಲ್ಸ್‌ನಲ್ಲಿ 83ಕ್ಕೆ ನಿಂತರು. 2025ರಲ್ಲಿ ಯುಎಸ್ ಓಪನ್ ಡಬಲ್ಸ್ ಸೆಮಿಫೈನಲ್ ಆಡಿದರು. ಭೂಪತಿ, ಪೇಸ್ ಕತೆ ಎಲ್ಲರಿಗೂ ಗೊತ್ತು. ಮೂವತ್ತು ವರ್ಷದಿಂದ ನಮ್ಮವರಿಗೆ ಅನ್ನ ಹಾಕಿದ್ದು ಡಬಲ್ಸ್. ಆದರೂ ಬೆಳಿಗ್ಗೆ ಐದೂವರೆಗೆ ಕೋರ್ಟಿಗೆ ಬರುವ ಮಕ್ಕಳಲ್ಲಿ ಒಬ್ಬರೂ ಡಬಲ್ಸ್ ಅಭ್ಯಾಸ ಮಾಡುವುದನ್ನು ನಾನು ಕಂಡಿಲ್ಲ. ಸಂಜೆ, ಕತ್ತಲಾಗುವ ಹೊತ್ತಿಗೆ, ಕೋರ್ಟ್ ಸಾಲದೆ ನಾಲ್ವರನ್ನು ಒಟ್ಟಿಗೆ ಬಿಟ್ಟರೆ ಉಂಟು.

ಕೋಚ್ ಬಳಿ ಈ ಮಾತು ತೆಗೆದೆ. ಬುಟ್ಟಿಯಿಂದ ಚೆಂಡು ಎತ್ತಿ ಹುಡುಗನ ಕಡೆ ಎಸೆಯುತ್ತಲೇ ಕೇಳಿಸಿಕೊಂಡರು. "ನೀವು ಹೇಳೋದು ನಿಜ ಸಾರ್. ಆದ್ರೆ ಡಬಲ್ಸ್ ಆಡಿಸ್ತೀನಿ ಅಂದ್ರೆ ನಾಳೆ ಇವನಮ್ಮ ಬೇರೆ ಅಕಾಡೆಮಿಗೆ ಸೇರಿಸ್ತಾರೆ" ಅಂದರು.